ಬೆನ್ನುನೋವೂ ಕೈಯೊಳಗಣ ಚಲಚ್ಚಿತ್ರವೂ

ಲೂಕನು ಬರೆದ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ, ಹದಿನೆಂಟು ವರುಷಗಳಿಂದ ನಡು ಬೊಗ್ಗಿಹೋಗಿ ಮೈಯನ್ನು ನೆಟ್ಟಗೆ ಮಾಡಲಾರದೆ ಇದ್ದ ಒಬ್ಬ ಸ್ತ್ರೀಯ ವೃತ್ತಾಂತವುಂಟು. ನಮ್ಮ ಶಾಲೆಯ ಬೆಂಚುಗಳ ಮೇಲೆ ಕುಳಿತು ಸತ್ಯವೇದದ ಪಾಠ ಕೇಳಿದ ಸರ್ವರಿಗೂ, ಅವರು ಯಾವ ಮತದವರಾಗಿದ್ದರೂ, ಅದು ಪರಿಚಯದ ಕಥೆಯೇ. ಬಾಲ್ಯದಲ್ಲಿ ನಾನು ಆಕೆಯು ಗುಣಹೊಂದಿದ ಭಾಗವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿದ್ದೆನು. ಈಗ ಓದುವಾಗ ಆ ಹದಿನೆಂಟು ವರುಷಗಳೇ ನನ್ನ ಮನಸ್ಸನ್ನು ಹಿಡಿಯುತ್ತವೆ. ಆಕೆಯ ಸುತ್ತಲಿದ್ದವರು ಆ ಬೊಗ್ಗಿದ ನಡುವಿಗೆ ಒಗ್ಗಿಹೋಗಿದ್ದಿರಬೇಕು. ಸಭಾಮಂದಿರದ ಅಧಿಕಾರಿಯಂತೂ ಆಕೆಯು ನೆಟ್ಟಗಾದದ್ದನ್ನು ಕಂಡು, ಇದಕ್ಕೆ ಬೇರೆ ದಿವಸ ಇರಲಿಲ್ಲವೋ ಎಂದು ಸಿಟ್ಟುಗೊಂಡನು. ನಮ್ಮ ಮನೆಗಳಲ್ಲಿಯೂ ಅಮ್ಮಂದಿರ, ಅಜ್ಜಿಯಂದಿರ ನಡುನೋವು ಮನೆಯ ಕಂಬದಂತೆ ಇದ್ದಲ್ಲೇ ಇದ್ದು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ.

ಈ ಸ್ಮರಣ ಸಂಚಿಕೆಗೆ ಆರೋಗ್ಯದ ವಿಷಯವಾಗಿ ಏನಾದರೂ ಬರೆಯಬೇಕೆಂದು ಕೇಳಲ್ಪಟ್ಟಾಗ, ಹಲ್ಲು, ಕಣ್ಣು, ಶುದ್ಧವಾದ ನೀರು ಇವುಗಳಲ್ಲಿ ಯಾವದನ್ನಾದರೂ ಆರಿಸಿಕೊಳ್ಳಬಹುದಾಗಿತ್ತು. ಬೆನ್ನುನೋವನ್ನು ಆರಿಸಿಕೊಂಡದ್ದರ ಕಾರಣವು ವೈದ್ಯಗ್ರಂಥದಲ್ಲಿ ಇಲ್ಲ, ತರಗತಿಯ ಹಾಜರಿ ಪುಸ್ತಕದಲ್ಲಿ ಇದೆ. ಹೇಗಂದರೆ, ಬಂಟವಾಳ, ಬೆಳ್ತಂಗಡಿ, ಮೂಡಬಿದ್ರೆ ಈ ಮೂರು ಕಡೆಯ ಹಳ್ಳಿಗಳಲ್ಲಿ ಹೆಂಗಸರ ದುಡಿಮೆಯ ಬಹು ಭಾಗವು ಬೊಗ್ಗಿಕೊಂಡೇ ನಡೆಯತಕ್ಕದ್ದು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಬೀಡಿ ಕಟ್ಟುವವರು ಎಷ್ಟೋ ಮಂದಿ. ಗೇರುಬೀಜದ ಕಾರ್ಖಾನೆಯಲ್ಲಿ ಸಾಲಾಗಿ ಕುಳಿತು ಬೀಜದ ಸಿಪ್ಪೆ ತೆಗೆಯುವವರು ಕೆಲವರು. ಮಳೆಗಾಲದಲ್ಲಿ ನೇಜಿ ನೆಡುವದು, ಬೇಸಿಗೆಯಲ್ಲಿ ಅಡಿಕೆ ಹೆಕ್ಕುವದು, ಹಟ್ಟಿಯ ಗೊಬ್ಬರ ಹೊರುವದು, ಬಾವಿಯಿಂದ ನೀರು ಸೇದುವದು ಇವು ಮೇಲಿನ ಕೆಲಸಗಳು. ಬೀಡಿಯ ಮಜೂರಿಯು ಸಾವಿರದ ಲೆಕ್ಕದಲ್ಲಿ ಕೊಡಲ್ಪಡುವದರಿಂದ ತಾಯಿಯು ಮಲಗಿದ ದಿನ ಹಣವಿಲ್ಲ. ಆಗ ಮೊರವು ತಾಯಿಯ ತೊಡೆಯಿಂದ ಮಗಳ ತೊಡೆಗೆ ಬರುತ್ತದೆ, ಶಾಲೆಯಲ್ಲಿ ಒಂದು ಬೆಂಚಿನ ತುದಿ ಬರಿದಾಗುತ್ತದೆ. ಬೀಡಿ ಸೇದುವದರ ಕೇಡಿನ ಬಗ್ಗೆ ನನಗೆ ಹೇಳಲಿಕ್ಕೆ ಬಹಳ ಉಂಟು, ಆದರೆ ಈ ಹೊತ್ತು ಅದನ್ನು ಕಟ್ಟುವವಳ ನಡುವೇ ನಮ್ಮ ವಿಚಾರ.

ಎರಡು ವರುಷಗಳ ಕೆಳಗೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ಹದಿನೈದು ದಿವಸ ಬಾರದೆ ಹೋದಳು. ಓದಿನಲ್ಲಿ ಚುರುಕಾದವಳು, ಕಾರಣವಿಲ್ಲದೆ ತಪ್ಪುವವಳಲ್ಲ. ಶನಿವಾರ ಮಧ್ಯಾಹ್ನ ಬಂಟವಾಳ ತಾಲೂಕಿನ ಅವಳ ಊರಿಗೆ ಬಸ್ಸಿನಲ್ಲಿ ಹೋಗಿ, ಸಂಕವೊಂದನ್ನು ದಾಟಿ, ತೋಟದ ಅಂಚಿನ ಮನೆಗೆ ಮುಟ್ಟಿದೆನು. ಜಗಲಿಯಲ್ಲಿ ಹುಡುಗಿಯು ಎಲೆ ಕತ್ತರಿಸುತ್ತಿದ್ದಳು. ಒಳಗೆ ತಾಯಿಯು ಚಾಪೆಯಲ್ಲಿ ಮಲಗಿದ್ದರು. ನಲವತ್ತು ದಾಟಿರದ ಹೆಂಗಸು. ಡಿಸ್ಕು ಜಾರಿದೆಯೆಂದೂ ಬೊಗ್ಗಬಾರದೆಂದೂ ನಡೆಯಬಾರದೆಂದೂ ಯಾರೋ ಹೇಳಿದ್ದರಂತೆ. ಸ್ಕ್ಯಾನಿಂಗಿನ ಚಿತ್ರವು ದೊಡ್ಡ ಲಕೋಟೆಯಲ್ಲಿ ಗೋಡೆಯ ಮೊಳೆಗೆ ತೂಗಹಾಕಲ್ಪಟ್ಟಿತ್ತು. "ಟೀಚರೇ, ನನ್ನ ಬೆನ್ನು ಮುರಿದ ಹಾಗೆ ಉಂಟು. ಎದ್ದರೆ ಪೂರ್ತಿ ಹೋಗ್ತದೆ," ಎಂದು ಅವರು ತುಳುವಿನಲ್ಲಿ ಹೇಳಿದರು. ಅವರ ಕಣ್ಣುಗಳಲ್ಲಿ ನೋವಿಗಿಂತ ಭಯವು ಹೆಚ್ಚಾಗಿತ್ತು.

ಈ ಭಯವು ಆಧಾರವುಳ್ಳದ್ದೋ ಅಲ್ಲವೋ ಎಂಬದನ್ನು ತಿಳಿಯುವದಕ್ಕೆ ಬೆನ್ನಿನ ರಚನೆಯನ್ನು ಸ್ವಲ್ಪ ನೋಡಬೇಕು. ನಮ್ಮ ಬೆನ್ನೆಲುಬು 33 ಮಣಿಗಳಿಂದಾದದ್ದು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ನಡುವಿನಲ್ಲಿ 5; ಅದರ ಕೆಳಗಿನ 5 ಒಂದಾಗಿ ಬೆಸೆದಿವೆ, ತುದಿಯ 4 ಚಿಕ್ಕ ಮಣಿಗಳೂ ಸಾಧಾರಣವಾಗಿ ಕೂಡಿಕೊಂಡಿರುತ್ತವೆ. ಬಿಡಿಯಾಗಿರುವ ಮಣಿಗಳ ನಡುವೆ, ಕುತ್ತಿಗೆಯ ಮೇಲ್ತುದಿಯಲ್ಲಿ ಹೊರತು, ಒಂದೊಂದು ಮೆತ್ತನೆಯ ಬಿಲ್ಲೆಯುಂಟು. ನಾವೆಲ್ಲರೂ ಡಿಸ್ಕು ಎನ್ನುವದು ಇದನ್ನೇ. ಡಿಸ್ಕು ಜಾರಿತೆಂದು ಕೇಳಿದಾಗ ಒದ್ದೆ ಕೈಯಿಂದ ಸಾಬೂನು ಜಾರಿದ ಹಾಗೆ ನಮ್ಮ ಮನಸ್ಸಿಗೆ ತೋರುತ್ತದೆ. ಅದು ಸರಿಯಾದ ಚಿತ್ರವಲ್ಲ. ಬಿಲ್ಲೆಯು ಮೇಲಿನ ಮಣಿಗೂ ಕೆಳಗಿನ ಮಣಿಗೂ ಬಲವಾಗಿ ಅಂಟಿಕೊಂಡಿರುತ್ತದೆ. ಅದು ಉಬ್ಬಬಹುದು, ಕೆಲವೊಮ್ಮೆ ಬಿರಿದು ಒಳಗಿನ ಅಂಶ ಹೊರಚಾಚಬಹುದು. ಹೀಗೆ ಚಾಚಿದ್ದು ಎಷ್ಟೋ ಜನರಲ್ಲಿ ತಿಂಗಳುಗಳು ಕಳೆದಂತೆ ತಾನಾಗಿಯೇ ಕುಗ್ಗುತ್ತದೆ. ಬೆಳೆದವರ ಬಿಲ್ಲೆಯೊಳಗೆ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಬೇಕಾದ ಆಹಾರವು ಸುತ್ತಲಿನಿಂದ ಮೆಲ್ಲಮೆಲ್ಲನೆ ಒಸರಿ ಒಳಗೆ ಬರಬೇಕು. ಬೆನ್ನನ್ನು ಹಿಡಿದು ನಿಲ್ಲಿಸುವದಾದರೋ ಮಣಿಗಳು ಮಾತ್ರವಲ್ಲ, ಅವುಗಳ ಸುತ್ತಲಿನ ಸ್ನಾಯುಗಳೂ ಹೌದು. ಮಲಗಿದವಳ ಸ್ನಾಯುಗಳು ದಿನದಿಂದ ದಿನಕ್ಕೆ ಸೊರಗುತ್ತವೆ. ಸೊರಗಿದ ಸ್ನಾಯು ಬೇಗ ನೋಯುತ್ತದೆ. ನೋವಾಯಿತೆಂದು ಆಕೆ ಮತ್ತಷ್ಟು ಮಲಗುತ್ತಾಳೆ.

ಸ್ಕ್ಯಾನಿಂಗಿನ ಚಿತ್ರದ ವಿಷಯದಲ್ಲಿಯೂ ಒಂದು ಮಾತು. 1994ರಲ್ಲಿ ಅಮೇರಿಕಾ ದೇಶದಲ್ಲಿ, ಬೆನ್ನುನೋವೇ ಇಲ್ಲದ 98 ಮಂದಿಯ ನಡುವಿನ ಚಿತ್ರ ತೆಗೆದು ನೋಡಲಾಯಿತು. ಅವರಲ್ಲಿ ನೂರಕ್ಕೆ 52 ಮಂದಿಗೆ ಒಂದಲ್ಲ ಒಂದು ಬಿಲ್ಲೆ ಉಬ್ಬಿತ್ತು! ತಲೆಗೂದಲು ನರೆಯುವಂತೆ ಬಿಲ್ಲೆಗಳೂ ನರೆಯುತ್ತವೆ; ನರೆತದ್ದೆಲ್ಲ ನೋವಿನ ಕಾರಣವಲ್ಲ. ಗೋಡೆಯ ಮೊಳೆಗೆ ತೂಗಹಾಕಿದ ಆ ಲಕೋಟೆಯೊಳಗೆ ಇದ್ದದ್ದೂ ಅಂಥಾ ಒಂದು ಉಬ್ಬೇ.

ಬೆನ್ನುನೋವಿಗೆ ಹಾಸಿಗೆಯೇ ಮದ್ದೆಂದು ಒಂದು ಕಾಲದಲ್ಲಿ ವೈದ್ಯರೂ ನಂಬಿದ್ದರು. ಆದಕಾರಣ ಹಿರಿಯರು ಹಾಗೆ ಹೇಳಿದರೆ ಅವರನ್ನು ಹಳಿಯತಕ್ಕದ್ದಿಲ್ಲ. ಆ ನಂಬಿಕೆಯನ್ನು ಅಲುಗಿಸಿದ ಪರೀಕ್ಷೆಗಳಲ್ಲಿ ಒಂದು 1986ರಲ್ಲಿ ಪ್ರಕಟವಾಯಿತು. ಡೇಯೋ ಎಂಬ ಅಮೇರಿಕಾದ ವೈದ್ಯರೂ ಅವರ ಸಂಗಡಿಗರೂ 203 ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ದಿನವೂ ಇನ್ನೊಂದಕ್ಕೆ ಏಳು ದಿನವೂ ಮಲಗುವಂತೆ ಹೇಳಿದರು. ಏಳು ದಿನದವರಿಗೆ ಯಾವ ಹೆಚ್ಚಿನ ಲಾಭವೂ ದೊರಕಲಿಲ್ಲ. ಎರಡು ದಿನದವರು ಕೆಲಸ ತಪ್ಪಿದ್ದು ನೂರಕ್ಕೆ 45ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತಲೂ ನನಗೆ ಹಿಡಿಸಿದ್ದು 1995ರಲ್ಲಿ ಪ್ರಕಟವಾದ ಫಿನ್‌ಲೆಂಡಿನ ಪರೀಕ್ಷೆ. ಹೆಲ್ಸಿಂಕಿ ನಗರದ 186 ಮಂದಿ ನೌಕರರು, ಆಗತಾನೇ ನಡು ಹಿಡಿದುಕೊಂಡವರು. ಕೆಲವರಿಗೆ ಎರಡು ದಿನ ಹಾಸಿಗೆ, ಕೆಲವರಿಗೆ ಬೆನ್ನಿನ ವ್ಯಾಯಾಮ, ಮಿಕ್ಕವರಿಗೆ, ನೋವು ತಡೆಯುವಷ್ಟರ ಮಟ್ಟಿಗೆ ನಿತ್ಯದ ಕೆಲಸವನ್ನೇ ಮಾಡಿಕೊಂಡಿರಿ ಎಂಬ ಬುದ್ಧಿಮಾತು ಮಾತ್ರ. ಬೇಗ ಸುಧಾರಿಸಿದವರು ಈ ಕಡೆಯವರೇ. ಎಲ್ಲರಿಗಿಂತ ನಿಧಾನವಾಗಿ ಸುಧಾರಿಸಿದವರು ಹಾಸಿಗೆಯವರು. ವ್ಯಾಯಾಮದವರು ಕೂಡಾ ಆ ಮೊದಲ ದಿನಗಳಲ್ಲಿ ನಿತ್ಯದ ಕೆಲಸದವರನ್ನು ಮೀರಲಿಲ್ಲವೆಂಬದನ್ನು ಓದುಗರು ನೆನಪಿಡಬೇಕು; ಮುಂದೆ ನನ್ನ ತಪ್ಪನ್ನು ಒಪ್ಪಿಕೊಳ್ಳುವಲ್ಲಿ ಅದು ಬೇಕಾಗುತ್ತದೆ.

ಹೀಗಂದ ಮಾತ್ರಕ್ಕೆ ಎಲ್ಲಾ ಬೆನ್ನುನೋವೂ ನಡೆದರೆ ಹೋಗುವಂಥದ್ದೆಂದು ಯಾರೂ ತಿಳಿಯಬಾರದು. ನೂರರಲ್ಲಿ ಸುಮಾರು ತೊಂಬತ್ತು ನಡುನೋವುಗಳಲ್ಲಿ ಗೊತ್ತಾದ ಒಂದು ಕೇಡನ್ನು ತೋರಿಸಲಾಗುವದಿಲ್ಲ, ಅವೇ ನಾವು ಮಾತಾಡುತ್ತಿರುವವು. ಉಳಿದವುಗಳಲ್ಲಿ ಕೆಲವು ಕಠಿಣವಾದವು. ನೋವಿನ ಸಂಗಡ ಮೂತ್ರವು ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ, ಕಾಲಿನ ಬಲವು ಕುಂದುತ್ತ ಬಂದರೆ ಆ ದಿನವೇ, ಆ ಗಂಟೆಯೇ ಆಸ್ಪತ್ರೆಗೆ ಹೋಗತಕ್ಕದ್ದು. ಸಂಜೆಯ ಹೊತ್ತು ಜ್ವರ, ಮೈ ಇಳಿಯುವದು, ರಾತ್ರಿಯಲ್ಲಿ ಬಿಡದ ನೋವು ಇವು ಕೂಡಿಬಂದರೆ ಬೆನ್ನೆಲುಬಿನ ಕ್ಷಯರೋಗವಿರಬಹುದು. ನಮ್ಮ ದೇಶದಲ್ಲಿ ಅದು ಇನ್ನೂ ಹೋಗಿಲ್ಲ. ಹಿಂದೆ ಕ್ಯಾನ್ಸರ್ ಬಂದಿದ್ದವರೂ, ಜಾರಿ ಬಿದ್ದ ಅಜ್ಜಿಯಂದಿರೂ ಚಲಚ್ಚಿತ್ರ ನೋಡುವ ಮೊದಲು ವೈದ್ಯರನ್ನು ನೋಡಲಿ. ನಾನು ಹೇಳಿದ ತಾಯಿಯನ್ನು ಸಹ ಮೊದಲು ಪುನಃ ಒಬ್ಬ ವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ಅವರು ಕಾಲು, ಪಾದ ಎಲ್ಲವನ್ನೂ ಪರೀಕ್ಷಿಸಿ, ಅಪಾಯವಿಲ್ಲ, ನಡೆಯಿರಿ ಅಂದರು. ನಡುವಿಗೆ ಪಟ್ಟಿ ಬೇಕೋ ಎಂದು ಆಕೆ ಕೇಳಿದ್ದಕ್ಕೆ ಬೇಡವೆಂದರು. 2023ರ ದಶಂಬರದಲ್ಲಿ ಜಾಗತಿಕ ಆರೋಗ್ಯ ಸಂಸ್ಥೆಯು ಬಹು ಕಾಲದ ನಡುನೋವಿನ ಕುರಿತು ಪ್ರಕಟಿಸಿದ ಮಾರ್ಗಸೂಚಿಯಲ್ಲಿಯೂ ಇದೇ ಮಾತುಂಟು. ತಿಳುವಳಿಕೆ ಕೊಡುವದು, ಕ್ರಮವಾದ ವ್ಯಾಯಾಮ ಇವು ಅದರಲ್ಲಿ ಹೇಳಲ್ಪಟ್ಟಿವೆ. ನಡುಪಟ್ಟಿಯನ್ನೂ ಎಳೆತದ ಚಿಕಿತ್ಸೆಯನ್ನೂ ವಾಡಿಕೆಯಾಗಿ ಕೊಡಬಾರದೆಂದಿದೆ.

ವೈದ್ಯರು ನಡೆಯಿರಿ ಅಂದದ್ದು ಎರಡು ನಿಮಿಷದ ಮಾತು. ಮನೆಗೆ ಬಂದ ಮೇಲೆ ಹದಿನೈದು ದಿನಗಳ ಭಯವು ಅದಕ್ಕಿಂತ ದೊಡ್ಡದಾಗಿತ್ತು. ಚಲಚ್ಚಿತ್ರದ ಯೋಚನೆ ನನಗೆ ಹುಟ್ಟಿದ್ದು ಅಲ್ಲಿಯೇ. ಮನೆಯಲ್ಲಿ ಮೊಬೈಲು ಇತ್ತು. ಸಂಜೆ ಅದರಲ್ಲಿ ಧಾರಾವಾಹಿಯ ತುಂಡುಗಳು ಓಡುತ್ತಿದ್ದವು. ಶಾಲೆಗೆ ಮೊಬೈಲು ತರಬಾರದೆಂದು ಹುಡುಗಿಯರನ್ನು ಗದರಿಸುವ ನಾನೇ ಅದರಲ್ಲಿ ಪಾಠ ಹುಡುಕಲಿಕ್ಕೆ ಕುಳಿತೆನು.

ದೂರದಲ್ಲಿದ್ದವರಿಗೆ ಅಂಗಸಾಧನೆ ಕಲಿಸುವದು ನಮ್ಮ ನಾಡಿಗೆ ಹೊಸದೇನಲ್ಲ. 'ಶಾಂತಲಾ' ಕಾದಂಬರಿಯನ್ನು ಬರೆದ ಬೆಂಗಳೂರಿನ ಕೆ. ವಿ. ಅಯ್ಯರ್ ಅವರು 1930ರ ಸುಮಾರಿಗೆ ತಮ್ಮ ವ್ಯಾಯಾಮಶಾಲೆಯಿಂದ ಅಂಚೆಯ ಮೂಲಕ ಪಾಠಗಳನ್ನು ಕಳುಹಿಸುತ್ತಿದ್ದರು. ಮೈಸೂರು ಅರಸರ ಆಶ್ರಯದಲ್ಲಿ ಯೋಗಶಾಲೆ ನಡಿಸುತ್ತಿದ್ದ ಕೃಷ್ಣಮಾಚಾರ್ಯರೂ ಅವರ ಶಿಷ್ಯರಾದ ಬಿ. ಕೆ. ಎಸ್. ಅಯ್ಯಂಗಾರರೂ ಆಸನ ಹಾಕುವ ಒಂದು ಮೂಕ ಚಲಚ್ಚಿತ್ರವು 1938ರಲ್ಲಿ ತೆಗೆಯಲ್ಪಟ್ಟಿತು. ಅದನ್ನು ಈಗ ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು. (ನೋಡಬಹುದು ಅಂದೆನು. ನಡು ನೋಯುವವರು ಅದನ್ನು ಅನುಕರಿಸಬೇಕೆಂದು ಹೇಳಲಿಲ್ಲ.) ಆದರೆ ಚಲಚ್ಚಿತ್ರದಿಂದ ಬೆನ್ನುನೋವಿನ ಭಯವನ್ನೇ ಬಿಡಿಸಬಹುದೆಂಬದನ್ನು ತೋರಿಸಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ. ಅಲ್ಲಿ 1997ರಿಂದ 1999ರ ವರೆಗೆ ಟೆಲಿವಿಷನ್ನಿನಲ್ಲಿ ಚಿಕ್ಕ ಚಿಕ್ಕ ಚಿತ್ರಗಳು ತೋರಿಸಲ್ಪಟ್ಟವು. ವೈದ್ಯರೂ ಹೆಸರಾಂತ ಆಟಗಾರರೂ ನಟರೂ ಬಂದು, ಬೆನ್ನು ನೋಯುತ್ತದೆಂದು ಮಲಗಿಬಿಡಬೇಡಿರಿ, ಚಲಿಸುತ್ತಿರಿ, ಕೆಲಸ ಬಿಡಬೇಡಿರಿ ಎಂದು ಹೇಳಿದರು. ಅಂಥಾ ಪ್ರಚಾರವಿಲ್ಲದ ನೆರೆಯ ನ್ಯೂ ಸೌತ್ ವೇಲ್ಸ್ ಪ್ರಾಂತದ ಸಂಗಡ ಹೋಲಿಸಿ ನೋಡಿದಾಗ, ವಿಕ್ಟೋರಿಯಾದಲ್ಲಿ ಜನರ ಎಣಿಕೆಯೂ ವೈದ್ಯರ ಎಣಿಕೆಯೂ ಬದಲಾಗಿದ್ದವು. ಬೆನ್ನುನೋವಿನ ಪರಿಹಾರಕ್ಕಾಗಿ ಕಾರ್ಮಿಕರು ಸಲ್ಲಿಸುವ ಅರ್ಜಿಗಳೂ ಕಡಿಮೆಯಾಗಿದ್ದವು. ಆ ಚಿತ್ರಗಳು ಕಲಿಸಿದ್ದು ಕಷ್ಟವಾದ ವ್ಯಾಯಾಮವನ್ನಲ್ಲ, ಧೈರ್ಯವನ್ನು.

ನಾನು ಇದನ್ನು ತಿಳಿದದ್ದು ತಡವಾಗಿ. ಮೊದಲು ಮಾಡಿದ್ದೇನಂದರೆ, ಯೂಟ್ಯೂಬಿನಲ್ಲಿ ಲಕ್ಷಗಟ್ಟಲೆ ಜನರು ನೋಡಿದ ಒಂದು ಚಿತ್ರವನ್ನು ಆರಿಸಿ, ಇಷ್ಟು ಜನ ನೋಡಿದ್ದು ಕೆಟ್ಟದ್ದಾಗಿರಲಾರದೆಂದು ಭಾವಿಸಿ, ಆ ತಾಯಿಗೆ ತೋರಿಸಿದೆನು. ಅದರಲ್ಲಿ ಪರದೇಶದ ಒಬ್ಬ ತರುಣಿಯು ಗಾಜಿನ ಗೋಡೆಗಳ ಕೋಣೆಯಲ್ಲಿ, ಬಿಗಿಯಾದ ಉಡುಪಿನಲ್ಲಿ, ನಗುನಗುತ್ತಾ ಮೈಯನ್ನು ಬಿಲ್ಲಿನಂತೆ ಬಗ್ಗಿಸುತ್ತಿದ್ದಳು. ಆಕೆಯು ಹದಿನೈದು ದಿನಗಳಲ್ಲಿ ಮೊದಲನೆಯ ಸಾರಿ ನಕ್ಕರು. "ಟೀಚರೇ, ಇವಳಿಗೆ ನಡುವೇ ಇಲ್ಲ, ಮತ್ತೆ ನೋವು ಎಲ್ಲಿಂದ?" ಆದರೂ ನನ್ನ ಮಾತಿಗೆ ಗೌರವಕೊಟ್ಟು ಪ್ರಯತ್ನಿಸಿದರು. ಮರುದಿನ ನೋವು ಹೆಚ್ಚಾಯಿತು. ನಾನು ಕಟ್ಟಲಿಕ್ಕೆ ಹೋದ ನಂಬಿಕೆಯು ನಾನೇ ಮುರಿದ ಹಾಗಾಯಿತು. ನಮ್ಮ ಹಳೆ ವಿದ್ಯಾರ್ಥಿನಿಯರಲ್ಲಿ ಫಿಸಿಯೋಥೆರಪಿ ಕಲಿತ ಒಬ್ಬಳಿಗೆ ಫೋನು ಮಾಡಿದಾಗ ಅವಳು ಗುರುವೆಂಬ ಮುಲಾಜಿಲ್ಲದೆ ನನ್ನನ್ನು ತಿದ್ದಿದಳು. "ಟೀಚರ್, ನಡು ಹಿಡಿದವರಿಗೆ ಮೊದಲ ದಿನಗಳಲ್ಲಿ ಕಸರತ್ತು ಬೇಡ. ಬಚ್ಚಲಿನ ವರೆಗೆ, ಅಂಗಳದ ವರೆಗೆ, ಹಟ್ಟಿಯ ವರೆಗೆ ನಡೆಯಲಿ, ಸಾಕು. ವ್ಯಾಯಾಮ ಆಮೇಲೆ." ಹೆಲ್ಸಿಂಕಿಯ ನೌಕರರ ಸಂಗತಿಯನ್ನು ನನಗೆ ಹೇಳಿದವಳು ಅವಳೇ.

ಆಗ ಆ ತಾಯಿಯು ಒಂದು ಪ್ರಶ್ನೆ ಕೇಳಿದರು. ಇದನ್ನು ನಮ್ಮ ಕಡೆಯ ನೂರು ಹೆಂಗಸರು ನೂರು ಸಾರಿ ಕೇಳುತ್ತಾರೆ, ಆದಕಾರಣ ಹಾರಿಸಿಬಿಡಬಾರದು. "ನಾನು ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರ ವರೆಗೆ ಗೇಯುವವಳು. ನನಗೆ ಇನ್ನು ಎಂಥ ವ್ಯಾಯಾಮ?" ಈ ಮಾತಿನಲ್ಲಿ ನ್ಯಾಯವಿದೆ. ಕುರ್ಚಿಯಲ್ಲಿ ಕುಳಿತ ಪಟ್ಟಣದವರಿಗೆ ಹೇಳುವ ಉಪದೇಶವನ್ನು ಹಾಗೆಯೇ ತಂದು ಇವರ ಮೇಲೆ ಹೇರುವದು ಅನ್ಯಾಯ. ಇವರು ಆಲಸ್ಯದಿಂದ ನೋವು ತಂದುಕೊಂಡವರಲ್ಲ. ಆದರೆ ಬೀಡಿ ಕಟ್ಟುವವಳ ದಿನವನ್ನು ಗಮನಿಸಿ ನೋಡಿರಿ. ಕೈಬೆರಳುಗಳು ಓಡುತ್ತವೆ; ನಡುವು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಮುಂದಕ್ಕೆ ಬಾಗಿ ಕಲ್ಲಿನಂತೆ ಇರುತ್ತದೆ. ಅಲ್ಲಿಂದ ಎದ್ದ ಕೂಡಲೇ ಬಗ್ಗಿ ಗುಡಿಸುವದು, ಬಗ್ಗಿ ಕೊಡಪಾನ ಎತ್ತುವದು. ದುಡಿಮೆ ಬಹಳ ಉಂಟು, ಚಲನೆ ಒಂದೇ ಬಗೆಯದು. ಬೆನ್ನು ಹಿಂದಕ್ಕೆ ಬಾಗುವ ಸಮಯವಿಲ್ಲ, ಕೈ ಬೀಸಿ ಬರಿದೇ ನಡೆಯುವ ಸಮಯವಿಲ್ಲ. ಹಾಗಾದರೆ ಇವರಿಗೆ ಬೇಕಾದದ್ದು ಇನ್ನಷ್ಟು ಕೆಲಸವಲ್ಲ, ಭಂಗಿಯ ಬದಲಾವಣೆ. ಅರ್ಧ ಗಂಟೆಗೊಮ್ಮೆ ಮೊರವನ್ನು ಕೆಳಗಿಟ್ಟು ಏಳುವದು, ಗೋಡೆಗೆ ಬೆನ್ನು ಕೊಟ್ಟು ಕುಳಿತುಕೊಳ್ಳುವದು, ಮಣೆಯ ಎತ್ತರವನ್ನು ಬದಲಿಸುವದು. ಅಷ್ಟಕ್ಕೆ ಎಷ್ಟು ಬೀಡಿ ನಷ್ಟವಾಗುತ್ತದೆಂದು ಆಕೆ ಲೆಕ್ಕ ಹಾಕಿದರು. ಮಲಗಿದ ಹದಿನೈದು ದಿನಗಳಲ್ಲಿ ಎಷ್ಟು ನಷ್ಟವಾಯಿತೆಂದು ಮಗಳು ಲೆಕ್ಕ ಹಾಕಿದಳು. ಮಗಳ ಲೆಕ್ಕವು ದೊಡ್ಡದಾಗಿತ್ತು. ಮನೆಯ ಗಂಡಸರೂ ಈ ಲೆಕ್ಕವನ್ನು ನೋಡಬೇಕು. ಕೊಡಪಾನವನ್ನು ಅವರೂ ಎತ್ತಬಹುದೆಂಬದು ಯಾವ ಶಾಸ್ತ್ರದಲ್ಲಿಯೂ ನಿಷೇಧಿಸಲ್ಪಟ್ಟಿಲ್ಲ.

ಎರಡನೆಯ ಚಲಚ್ಚಿತ್ರವನ್ನು ನಾವು ಹುಡುಕಲಿಲ್ಲ, ತೆಗೆದೆವು. ಆ ಮನೆಯ ನೆರೆಯಲ್ಲಿ ಐವತ್ತೈದರ ಒಬ್ಬ ಹೆಂಗಸು ಇದ್ದರು. ಹಿಂದೆ ಅವರಿಗೂ ನಡು ಹಿಡಿದು, ನಡೆದು ನಡೆದು ಸುಧಾರಿಸಿತ್ತು. ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರು ತೋಟದ ದಾರಿಯಲ್ಲಿ ನಡೆಯುವದನ್ನೂ ಜಗಲಿಯ ಚಾಪೆಯಲ್ಲಿ ನಾಲ್ಕು ಚಲನೆ ಮಾಡುವದನ್ನೂ ಹುಡುಗಿಯು ಮೊಬೈಲಿನಲ್ಲಿ ಚಿತ್ರಿಸಿದಳು. ಯಾವ ಚಲನೆಗಳೆಂಬದನ್ನು ಫಿಸಿಯೋಥೆರಪಿಯವಳು ಗೊತ್ತುಮಾಡಿದ್ದಳು. ಅಂಗಾತ ಮಲಗಿ ಮೊಣಕಾಲುಗಳನ್ನು ಮಡಚಿ, ಒಂದೊಂದಾಗಿ ಎದೆಯ ಕಡೆಗೆ ತರುವದು. ಅದೇ ಭಂಗಿಯಲ್ಲಿ ಪಾದಗಳನ್ನು ಊರಿ ಸೊಂಟವನ್ನು ನೆಲದಿಂದ ಮೆಲ್ಲನೆ ಎತ್ತಿ ಇಳಿಸುವದು. ಕೈ ಮೊಣಕಾಲುಗಳ ಮೇಲೆ ನಿಂತು, ನಿದ್ದೆಯಿಂದೆದ್ದ ಬೆಕ್ಕು ಮಾಡುವಂತೆ ಬೆನ್ನನ್ನು ಮೇಲಕ್ಕೆ ಉಬ್ಬಿಸಿ ಕೆಳಕ್ಕೆ ತಗ್ಗಿಸುವದು. ಕಡೆಗೆ ಎದ್ದು ನಿಂತು, ಅಂಗೈಗಳನ್ನು ಸೊಂಟದ ಹಿಂದೆ ಕೊಟ್ಟು ಹಿಂದಕ್ಕೆ ಬಾಗುವದು. ಬೀಡಿಯ ಭಂಗಿಗೆ ಈ ಕಡೆಯದೇ ನೇರವಾದ ಉತ್ತರವೆಂದು ಅವಳು ಹೇಳಿದಳು. ಒಟ್ಟು ನಾಲ್ಕು ನಿಮಿಷದ ಚಿತ್ರ, ತುಳುವಿನಲ್ಲಿ. ನಡುವೆ ಒಂದು ಕೋಳಿ ಹಾದುಹೋಗುತ್ತದೆ, ಹಿಂದೆ ಯಾರೋ ನಾಯಿಯನ್ನು ಗದರಿಸುತ್ತಾರೆ. ಗಾಜಿನ ಕೋಣೆಯ ತರುಣಿ ಮಾಡಲಾರದ್ದನ್ನು ಈ ಚಿತ್ರ ಮಾಡಿತು. ನೆರೆಯಾಕೆಯು ಬಗ್ಗಿಯೂ ಮುರಿಯಲಿಲ್ಲ ಎಂಬದನ್ನು ತಾಯಿಯು ಕಣ್ಣಾರೆ ಕಂಡರು. ಮೂರನೆಯ ಸಾರಿ ನೋಡಿದ ಮೇಲೆ ಎದ್ದರು.

ಮಾರುಕಟ್ಟೆಯಲ್ಲಿ ಮೀನನ್ನು ಮುಟ್ಟಿ ಕಿವಿರು ಎತ್ತಿ ನೋಡದೆ ಕೊಳ್ಳದ ನಮ್ಮ ಹೆಂಗಸರು ಚಲಚ್ಚಿತ್ರವನ್ನು ಮಾತ್ರ ಕಣ್ಣು ಮುಚ್ಚಿ ನಂಬುವದು ಆಶ್ಚರ್ಯ. ಕಲಿಸುವವರು ಯಾರು, ಅವರ ಕಲಿಕೆ ಏನು ಎಂದು ಮೊದಲು ನೋಡಬೇಕು. ಒಂದೇ ದಿನದಲ್ಲಿ ಗುಣವೆಂದು ಹೇಳುವವನೂ, ಮೂಳೆಯನ್ನು ಸಪ್ಪಳ ಬರಿಸಿ ಸರಿ ಕೂರಿಸುವೆನೆಂಬವನೂ, ಕಡೆಯಲ್ಲಿ ಎಣ್ಣೆಯನ್ನೋ ಪಟ್ಟಿಯನ್ನೋ ಮಾರುವವನೂ ನಿಮ್ಮ ಬೆನ್ನಿನ ಹಿತಚಿಂತಕರಲ್ಲ. ಯಾವಾಗ ನಿಲ್ಲಿಸಬೇಕು, ಯಾವಾಗ ವೈದ್ಯರ ಬಳಿಗೆ ಹೋಗಬೇಕು ಎಂಬದನ್ನು ಹೇಳುವ ಚಿತ್ರವು ಬಹುಶಃ ನಂಬತಕ್ಕದ್ದು. ಮಾಡುವಾಗ ಸ್ವಲ್ಪ ನೋವಾಗಿ ಮರುದಿನಕ್ಕೆ ಇಳಿದರೆ ಭಯವಿಲ್ಲ. ನೋವು ಕಾಲಿನ ಕೆಳಗೆ ಕೆಳಗೆ ಇಳಿಯುತ್ತ ಹೋದರೆ, ಜೋಮು ಹೆಚ್ಚಾದರೆ ನಿಲ್ಲಿಸಿರಿ. ಇನ್ನೊಂದು ಅಪಾಯ ಮೊಬೈಲಿನದ್ದೇ. ಒಂದು ಚಿತ್ರ ಮುಗಿದೊಡನೆ ಮತ್ತೊಂದು ತಾನಾಗಿ ಆರಂಭವಾಗುತ್ತದೆ. ವ್ಯಾಯಾಮದ ಚಿತ್ರದಿಂದ ಅಡಿಗೆಯ ಚಿತ್ರಕ್ಕೆ, ಅಲ್ಲಿಂದ ಮದುವೆಯ ಚಿತ್ರಕ್ಕೆ ಹೋಗುತ್ತಾ, ನಡೆಯಲಿಕ್ಕೆ ಕಲಿಯಲು ಕುಳಿತವಳು ಒಂದು ಗಂಟೆ ಬೊಗ್ಗಿ ಕುಳಿತೇ ಇರುತ್ತಾಳೆ! ಕೆನಡಾದ ಮೈಕ್ ಇವಾನ್ಸ್ ಎಂಬ ವೈದ್ಯರು 2011ರಲ್ಲಿ ಪ್ರಕಟಿಸಿ ಬಹು ಪ್ರಸಿದ್ಧವಾದ ಒಂದು ಚಲಚ್ಚಿತ್ರವಿದೆ. ಬಿಳಿ ಹಲಗೆಯ ಮೇಲೆ ಗೆರೆಯ ಚಿತ್ರಗಳು ಮೂಡುತ್ತಾ ಹೋಗುತ್ತವೆ. ದಿನದಲ್ಲಿ ಕುಳಿತಿರುವದನ್ನೂ ಮಲಗಿರುವದನ್ನೂ ಇಪ್ಪತ್ತಮೂರುವರೆ ಗಂಟೆಗಳೊಳಗೆ ಮುಗಿಸಬಹುದೋ ಎಂದು ಅವರು ವಿನೋದವಾಗಿ ಕೇಳುತ್ತಾರೆ. ಉಳಿದ ಅರ್ಧ ಗಂಟೆ ನಡಿಗೆಗೆ. ಆ ಅರ್ಧ ಗಂಟೆಯಲ್ಲಿ ಮೊಬೈಲು ಮನೆಯಲ್ಲಿಯೇ ಇರಲಿ ಎಂದು ನಾನು ಸೇರಿಸುತ್ತೇನೆ.

ನಡಿಗೆಯ ಗುಣವನ್ನು ಕುರಿತು 2024ರಲ್ಲಿ ಆಸ್ಟ್ರೇಲಿಯಾದಿಂದಲೇ ಒಂದು ಒಳ್ಳೇ ಸಮಾಚಾರ ಬಂತು. ನಡುನೋವಿನಿಂದ ಆಗಷ್ಟೇ ಸುಧಾರಿಸಿದ 701 ಮಂದಿಯಲ್ಲಿ ಕೆಲವರಿಗೆ ತಿಳುವಳಿಕೆಯ ಸಂಗಡ ಕ್ರಮವಾಗಿ ನಡಿಗೆಯನ್ನು ಏರಿಸುತ್ತಾ ಹೋಗುವ ಪಾಠ ಕೊಡಲ್ಪಟ್ಟಿತು. ವಾರಕ್ಕೆ ಐದು ಸಾರಿ, ಅರ್ಧರ್ಧ ಗಂಟೆ ಎಂಬದು ಗುರಿ. ಕೆಲಸಕ್ಕೆ ಅಡ್ಡಿಯಾಗುವಂಥಾ ನೋವು ಮರುಕಳಿಸುವದಕ್ಕೆ ಇತರರಿಗೆ ಮಧ್ಯಮ ಲೆಕ್ಕದಲ್ಲಿ 112 ದಿನ ಹಿಡಿದರೆ, ನಡೆದವರಿಗೆ 208 ದಿನ ಹಿಡಿಯಿತು. ಯಂತ್ರ ಬೇಡ, ಚಂದಾ ಬೇಡ, ಬೇಕಾದದ್ದು ಒಂದು ದಾರಿ. ಆದರೆ ಒಬ್ಬಳೇ ನಡೆಯುವ ಹೆಂಗಸನ್ನು ಕಂಡು, ಎಲ್ಲಿಗೆ, ಯಾಕೆ ಎಂದು ಕೇಳದ ಊರು ನಮ್ಮಲ್ಲಿ ಯಾವದುಂಟು? ಬೆಳ್ತಂಗಡಿ ಕಡೆಯ ಒಬ್ಬ ತಾಯಿಯು ಇದಕ್ಕೆ ಉಪಾಯ ಹೂಡಿದರು. ಕೈಯಲ್ಲಿ ಖಾಲಿ ಹಾಲಿನ ಪಾತ್ರೆ ಹಿಡಿದುಕೊಂಡು ನಡೆಯುತ್ತಾರೆ. ಯಾರೂ ಏನೂ ಕೇಳುವದಿಲ್ಲವಂತೆ. ಇಬ್ಬರು ಮೂವರು ಕೂಡಿ ನಡೆದರೆ ಪಾತ್ರೆಯೂ ಬೇಡ.

ಆ ಒಂದು ಚಿತ್ರದಿಂದ ಆರಂಭವಾದದ್ದು ಈಗ ತಾಯಂದಿರ ಒಂದು ವಾಟ್ಸಾಪು ಗುಂಪಾಗಿದೆ. ಹುಡುಗಿಯರು ತಮ್ಮ ಮನೆಯವರನ್ನು ಅವರ ಒಪ್ಪಿಗೆಯಿಂದಲೇ ಚಿತ್ರಿಸುತ್ತಾರೆ; ಗುಂಪಿನ ಹೊರಗೆ ಯಾರೂ ಅದನ್ನು ಕಳುಹಿಸಬಾರದೆಂಬದು ಕಟ್ಟುನಿಟ್ಟು. ಫಿಸಿಯೋಥೆರಪಿಯವಳು ನೋಡಿ ಒಪ್ಪದೆ ಯಾವ ಚಿತ್ರವೂ ಹೋಗುವದಿಲ್ಲ. ಮೂಡಬಿದ್ರೆಯ ಕಡೆಯ ಒಬ್ಬ ಹುಡುಗಿಯು ಗೇರುಬೀಜದ ಕಾರ್ಖಾನೆಗೆ ಹೋಗುವ ಅತ್ತೆಯನ್ನು ಚಿತ್ರಿಸಿದ್ದಾಳೆ, ಮಧ್ಯಾಹ್ನದ ಬಿಡುವಿನಲ್ಲಿ ಮರದ ಕೆಳಗೆ ಹಿಂದಕ್ಕೆ ಬಾಗುವದನ್ನು. ಎಲ್ಲರೂ ಮಾಡುತ್ತಾರೆಂದು ನಾನು ಹೇಳಲಾರೆನು. ಹಲವರು ನೋಡಿ ಸುಮ್ಮನಾಗುತ್ತಾರೆ. ಮಗಳೋ ಸೊಸೆಯೋ ಪಕ್ಕದಲ್ಲಿ ಕುಳಿತು, ಇವತ್ತು ಆಯಿತಾ ಅಮ್ಮಾ, ಎಂದು ಕೇಳುವ ಮನೆಗಳಲ್ಲಿ ಮಾತ್ರ ಅದು ನಡೆಯುತ್ತಿದೆ. ಆದಕಾರಣ ಊರುಬಿಟ್ಟು ಬೆಂಗಳೂರು, ಮುಂಬಯಿ, ದುಬಾಯಿಗಳಲ್ಲಿರುವ ಹಳೆ ವಿದ್ಯಾರ್ಥಿನಿಯರು ತಾಯಿಗೆ ವಿಡಿಯೋ ಕಳುಹಿಸಿ ಸುಮ್ಮನಾಗದೆ, ಸಂಜೆ ವಿಡಿಯೋ ಕರೆ ಮಾಡಿ, ತಾವೂ ಎದ್ದು ನಿಂತು ಜತೆಯಲ್ಲಿ ಮಾಡಲಿ. ಅವರ ಬೆನ್ನಿಗೂ ಅದು ಬೇಕು.

ಆ ಹುಡುಗಿಯು ಮೂರನೆಯ ವಾರದಲ್ಲಿ ತರಗತಿಗೆ ಬಂದಳು. ತಪ್ಪಿದ ಬೀಜಗಣಿತದ ಪಾಠವನ್ನು ಹಿಂದಿನ ಬೆಂಚಿನವಳು ಹೇಳಿಕೊಟ್ಟಳು. ಕಳೆದ ವರುಷ ಅವಳು ಹತ್ತನೆಯ ತರಗತಿಯಲ್ಲಿ ಉತ್ತೀರ್ಣಳಾದಳು. ತಾಯಿಯ ನೋವು ಪೂರ್ತಿ ಹೋಗಿದೆಯೆಂದು ಹೇಳಿದರೆ ಸುಳ್ಳಾಗುವದು; ನೇಜಿಯ ದಿನಗಳಲ್ಲಿ ಇನ್ನೂ ಹಿಡಿದುಕೊಳ್ಳುತ್ತದೆ, ಎರಡು ದಿನ ಕುಂಟುತ್ತಾರೆ, ಆದರೆ ಮಲಗುವದಿಲ್ಲ. ಸ್ಕ್ಯಾನಿಂಗಿನ ಲಕೋಟೆಯು ಮೊಳೆಯಿಂದ ಇಳಿದು ಪೆಟ್ಟಿಗೆಯೊಳಗೆ ಹೋಗಿದೆ. ಈ ಸಾರಿ ಮೇ ತಿಂಗಳಲ್ಲಿ ನನ್ನನ್ನು ಬಸ್‌ಸ್ಟೇಂಡಿನಲ್ಲಿ ಕಂಡು ಅವರು ಕೇಳಿದ್ದು ಇಷ್ಟೇ: "ಟೀಚರೇ, ಮಳೆ ಬಂತೆಂದರೆ ನಮ್ಮ ಸಂಕದ ದಾರಿ ಜಾರ್ತದೆ, ನಡೆಯಲಿಕ್ಕೆ ಆಗುವದಿಲ್ಲ. ಜಗಲಿಯಲ್ಲೇ ನಡೆಯುವ ಹಾಗೆ ಒಂದು ಮಾಡಿಸಿ ಕೊಡಿ." ಜಗಲಿಯ ಉದ್ದ ಹನ್ನೆರಡು ಹೆಜ್ಜೆ. ಅರ್ಧ ಗಂಟೆಗೆ ಎಷ್ಟು ಸಾರಿ ಹೋಗಿ ಬರಬೇಕೆಂದು ಈಗ ಒಂಬತ್ತನೆಯ ತರಗತಿಯವರು ಲೆಕ್ಕ ಹಾಕುತ್ತಿದ್ದಾರೆ.